ಹವಾದೊಳಗಿನ ಎಣ್ಣೆ

ತೊಗರಿಬೇಳೆಗೆ ಒಮ್ಮೆ ಯಂತ್ರದ ಎಣ್ಣೆಯ ವಾಸನೆ ಹತ್ತಿತೆಂದರೆ ಅದನ್ನು ಬಿಡಿಸುವುದು ಕಷ್ಟ. ಬಿಸಿಲಿಗೆ ಹರವಿದರೂ ಪೂರ್ತಿ ಹೋಗುವುದಿಲ್ಲ, ಕುದಿಯುವ ಎಸರಿಗೆ ಹಾಕಿದಾಗ ಮತ್ತೆ ಮೇಲೆದ್ದು ಬರುತ್ತದೆ. ದಾಲ್ ಮಿಲ್ಲಿನ ಧಣಿಗಳು ನನ್ನನ್ನು ಕರೆಸುವುದು ಸಾಮಾನ್ಯವಾಗಿ ಆ ಹಂತದಲ್ಲಿ. ವ್ಯಾಪಾರಿ ಚೀಲ ಬಿಚ್ಚಿ ಮೂಸಿ ನೋಡಿ ವಾಪಸು ಕಳಿಸಿರುತ್ತಾನೆ. ಬೇಳೆ ಹೊಳೆಯುತ್ತಿರುತ್ತದೆ, ಕಪ್ಪು ಕಾಳು ಒಂದೂ ಇರುವುದಿಲ್ಲ, ಆದರೂ ಮಾಲು ನಿಂತಿರುತ್ತದೆ. "ಮಶೀನ್ ಹೊಸದದ ರೀ, ಬ್ಯಾಳಿ ಛಲೋ ಬರ್ಲತ್ತದ, ಆದ್ರ ವಾಸ್ನಿ ಯಾಕ ಬರ್ಲತ್ತದ?" ಎಂದು ಕೇಳುತ್ತಾರೆ. ನಾನು ಮಶೀನಿನ ಕಡೆ ಹೋಗುವುದಿಲ್ಲ. ಹಿಂದಿನ ಶೆಡ್ಡಿನಲ್ಲಿ ಧೂಳು ಹೊದ್ದು ಕುಳಿತ ಕಂಪ್ರೆಸರ್ ಕಡೆ ಹೋಗುತ್ತೇನೆ.

ನಾನು ಹುಮನಾಬಾದ ತಾಲ್ಲೂಕಿನ ಘಾಟಬೋರಾಳದವನು. ಐಟಿಐ ಮುಗಿಸಿ ನಮ್ಮ ಕಡೆಯ ಬಹಳ ಹುಡುಗರಂತೆ ಪುಣೆಗೆ ಹೋದೆ, ಅಲ್ಲಿ ಕಂಪ್ರೆಸರ್ ಕೆಲಸ ಕಲಿತು ಊರಿಗೆ ಮರಳಿದೆ. ಈಗ ಪುಣೆ–ಹೈದರಾಬಾದ ಹೆದ್ದಾರಿಯ ಉದ್ದಕ್ಕೂ, ಬಸವಕಲ್ಯಾಣದ ಸಸ್ತಾಪುರ ಬಂಗ್ಲಾದಿಂದ ಹುಮನಾಬಾದಿನವರೆಗೆ, ಒಮ್ಮೊಮ್ಮೆ ಬೀದರ, ಕಲಬುರಗಿಯವರೆಗೂ, ಎಲ್ಲಿ ಹವಾ ಒತ್ತುವ ಯಂತ್ರ ಇದೆಯೋ ಅಲ್ಲಿ ನನ್ನ ಕೆಲಸ. ಪಂಕ್ಚರ್ ಅಂಗಡಿ, ಆಟೋನಗರದ ಲಾರಿ ಬಾಡಿ ಕಟ್ಟುವ ಶೆಡ್ಡು, ಬಣ್ಣ ಹೊಡೆಯುವ ಅಂಗಳ, ದಂತವೈದ್ಯರ ದವಾಖಾನೆ, ದಾಲ್ ಮಿಲ್ಲು. ಪಂಕ್ಚರ್ ಅಂಗಡಿಯ ಹವಾದಲ್ಲಿ ಎಣ್ಣೆ ಇದ್ದರೆ ಅಂಥ ನಷ್ಟವಿಲ್ಲ. ಉಳಿದ ಎಲ್ಲ ಕಡೆಯೂ ನಷ್ಟ ಇದೆ, ಕೆಲವು ಕಡೆ ಜೀವಕ್ಕೇ ಅಪಾಯ ಇದೆ. ಆ ಎಣ್ಣೆಯನ್ನೂ ವಾಸನೆಯನ್ನೂ ಹವಾದಿಂದ ಬೇರ್ಪಡಿಸಲು ಒಂದೂವರೆ ಶತಮಾನದಿಂದ ಜನ ಒಂದರ ಮೇಲೊಂದು ಉಪಾಯ ಕಂಡುಹಿಡಿದಿದ್ದಾರೆ. ಅವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಜಾಗ ಇದೆ. ಸರದಿ ತಪ್ಪಿದರೆ ಎಷ್ಟು ದುಬಾರಿಯ ಫಿಲ್ಟರ್ ಆದರೂ ದುಡ್ಡು ದಂಡ. ನಮ್ಮ ಭಾಗದಲ್ಲಿ ಈ ಸರದಿಯ ಮಾತನ್ನು ಹೇಳುವವರು ಕಡಿಮೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ದಾಲ್ ಮಿಲ್ಲಿಗೆ ಹವಾ ಯಾಕೆ ಬೇಕು ಎಂದು ಕೆಲವರಿಗೆ ಅನ್ನಿಸಬಹುದು. ಮೊದಲು ಹೆಂಗಸರು ಸಾಲಾಗಿ ಕುಳಿತು ಬೇಳೆ ಆರಿಸುತ್ತಿದ್ದರು. ಈಗ ಆ ಕೆಲಸ ಕ್ಯಾಮೆರಾ ಇರುವ ಆರಿಸುವ ಯಂತ್ರದ್ದು, ನಮ್ಮ ಕಡೆ ಎಲ್ಲರೂ ಸಾರ್ಟೆಕ್ಸ್ ಅನ್ನುತ್ತಾರೆ. ಬೇಳೆ ಜಾರುದಾರಿಯಲ್ಲಿ ಇಳಿದು ಬೀಳುತ್ತಿರುವಾಗಲೇ ಕ್ಯಾಮೆರಾ ಪ್ರತಿ ಕಾಳನ್ನೂ ನೋಡುತ್ತದೆ. ಬಣ್ಣ ಕೆಟ್ಟ ಕಾಳು, ಸಿಪ್ಪೆ ಉಳಿದ ಕಾಳು, ಕಲ್ಲಿನ ಹರಳು ಕಂಡರೆ ಸೆಕೆಂಡಿನ ಸಾವಿರದ ಕೆಲವೇ ಭಾಗದಲ್ಲಿ ಒಂದು ಸಣ್ಣ ವಾಲ್ವ್ ತೆರೆದು, ಹವಾದ ಏಟು ಬಿದ್ದು, ಆ ಕಾಳು ಪಕ್ಕಕ್ಕೆ ಹಾರುತ್ತದೆ. ದಿನವಿಡೀ ಇದೇ ಕೆಲಸ. ಏಟು ಬಿದ್ದದ್ದು ಕೆಟ್ಟ ಕಾಳಿಗೆ, ಆದರೆ ಆ ಹವಾ ಸುತ್ತಲಿನ ಒಳ್ಳೆಯ ಬೇಳೆಯ ಮೇಲೂ ಹರಡುತ್ತದೆ. ಹವಾದಲ್ಲಿ ಎಣ್ಣೆಯ ತುಂತುರು ಇದ್ದರೆ ಬೇಳೆಯ ಮೇಲೆ, ಕ್ಯಾಮೆರಾದ ಗಾಜಿನ ಮೇಲೆ, ವಾಲ್ವಿನ ಒಳಗೆ ಕೂರುತ್ತದೆ. ಗಾಜು ಮಸುಕಾದರೆ ಯಂತ್ರ ಒಳ್ಳೆಯ ಕಾಳನ್ನೂ ಹೊಡೆಯುತ್ತದೆ, ವಾಲ್ವ್ ಅಂಟಿದರೆ ಕೆಟ್ಟದ್ದನ್ನೂ ಬಿಡುತ್ತದೆ.

ಮಿಲ್ಲಿನವರು ಒಂದು ವಾದ ಹೂಡುತ್ತಾರೆ: ತೊಗರಿಯ ಸಿಪ್ಪೆ ಬಿಡಿಸಲು ನಾವೇ ಎಣ್ಣೆ ಸವರುತ್ತೇವಲ್ಲ, ಅದಕ್ಕಿಂತ ಇದು ಎಷ್ಟರದು? ಕಾಳಿಗೆ ಗೀರು ಹಾಕಿ, ಸ್ವಲ್ಪ ಎಣ್ಣೆ ಸವರಿ, ರಾಶಿ ಹಾಕಿ ಬಿಟ್ಟು, ಒಣಗಿಸಿ ಒಡೆಯುವುದು ನಮ್ಮಲ್ಲಿ ಹಳೆಯ ಪದ್ಧತಿ. ಅದು ತಿನ್ನುವ ಎಣ್ಣೆ. ಕಂಪ್ರೆಸರಿನದು ನೆಲದಿಂದ ತೆಗೆದ ಖನಿಜ ತೈಲ, ಸವೆತ ತಡೆಯುವ ರಾಸಾಯನಿಕ ಬೆರೆಸಿದ್ದು, ಯಂತ್ರದ ಬಿಸಿಯಲ್ಲಿ ಸುಟ್ಟು ಕಂದುಬಣ್ಣಕ್ಕೆ ತಿರುಗಿದ್ದು. ಎರಡನ್ನೂ ಎಣ್ಣೆ ಎಂಬ ಒಂದೇ ಮಾತಿನಲ್ಲಿ ಮುಗಿಸುವುದನ್ನು ನಾನು ಒಪ್ಪುವುದಿಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ನಮ್ಮ ಕರಿಮಣ್ಣಿನ ಬೇಳೆಯ ರುಚಿ, ಪರಿಮಳಕ್ಕೆ ಸಂದ ಮಾನ ಅದು. ರೈತ ಆರು ತಿಂಗಳು ಕಾದು ಬೆಳೆದ ಆ ಪರಿಮಳವನ್ನು ಕೊನೆಯ ಗಳಿಗೆಯಲ್ಲಿ ನಾವು ಯಂತ್ರದವರು ಕೆಡಿಸಬಾರದು.

ಎಣ್ಣೆ ಹವಾದೊಳಗೆ ಹೇಗೆ ಸೇರುತ್ತದೆ? ಪಿಸ್ಟನ್ ಕಂಪ್ರೆಸರಿನಲ್ಲಿ ಸಿಲಿಂಡರಿನ ಗೋಡೆಗೆ ಎಣ್ಣೆ ಬೇಕೇ ಬೇಕು, ಇಲ್ಲದಿದ್ದರೆ ರಿಂಗು ಸವೆಯುತ್ತದೆ. ಆ ಎಣ್ಣೆಯ ಪದರದಲ್ಲಿ ಒಂದಿಷ್ಟು ಪ್ರತಿ ಏಟಿಗೂ ಹವಾದ ಜೊತೆ ಹೊರಡುತ್ತದೆ. ಸ್ಕ್ರೂ ಕಂಪ್ರೆಸರಿನಲ್ಲಂತೂ ಎಣ್ಣೆಯನ್ನು ಬೇಕೆಂದೇ ಒಳಗೆ ಚಿಮ್ಮಿಸುತ್ತಾರೆ, ತಂಪು ಮಾಡಲು, ಸಂದು ಮುಚ್ಚಲು. ಆಮೇಲೆ ಸೆಪರೇಟರಿನಲ್ಲಿ ಅದನ್ನು ಹಿಂದಕ್ಕೆ ಪಡೆಯುತ್ತಾರೆ. ಒಳ್ಳೆಯ ಸ್ಥಿತಿಯ ಸ್ಕ್ರೂ ಯಂತ್ರ ಒಂದು ಘನ ಮೀಟರ್ ಗಾಳಿಗೆ ಮೂರು ಮಿಲಿಗ್ರಾಂನಷ್ಟು ಎಣ್ಣೆ ಬಿಡುತ್ತದೆ. ಸವೆದ ಪಿಸ್ಟನ್ ಯಂತ್ರ ಇಪ್ಪತ್ತು ಮಿಲಿಗ್ರಾಂ ಬಿಟ್ಟರೂ ಆಶ್ಚರ್ಯವಿಲ್ಲ. ಮಿಲಿಗ್ರಾಂ ಎಂದರೆ ಧಣಿಗಳು ತಲೆ ಕೆಡಿಸಿಕೊಳ್ಳುವುದಿಲ್ಲ, ಹಾಗಾಗಿ ನಾನು ಅವರ ಎದುರೇ ಲೆಕ್ಕ ಮಾಡಿ ತೋರಿಸುತ್ತೇನೆ. ನಿಮಿಷಕ್ಕೆ ಮೂರು ಘನ ಮೀಟರ್ ಗಾಳಿ ಎಳೆಯುವ ಯಂತ್ರ, ದಿನಕ್ಕೆ ಹತ್ತು ತಾಸು ಓಡಿದರೆ 1800 ಘನ ಮೀಟರ್. ಇಪ್ಪತ್ತು ಮಿಲಿಗ್ರಾಂ ಹಿಡಿದರೆ ದಿನಕ್ಕೆ 36 ಗ್ರಾಂ ಎಣ್ಣೆ. ನೂರು ದಿನದ ಸುಗ್ಗಿಯಲ್ಲಿ ಮೂರೂವರೆ ಕಿಲೋ ದಾಟಿತು. ಅಷ್ಟೂ ಪೈಪಿನಲ್ಲಿ ಮುಂದಕ್ಕೆ ಹೋಗಿದೆ.

ಎಣ್ಣೆಗಿಂತ ಮೊದಲು ನೀರಿನ ಮಾತು. ಗಾಳಿಯನ್ನು ಎಂಟು ಪಾಲಿನಿಂದ ಒಂದು ಪಾಲಿಗೆ ಒತ್ತಿದರೆ ಅದರಲ್ಲಿದ್ದ ತೇವಕ್ಕೂ ಜಾಗ ಸಾಲದು. ಶ್ರಾವಣದಲ್ಲಿ, 30 ಡಿಗ್ರಿ ಬಿಸಿಯಲ್ಲಿ, ನೂರಕ್ಕೆ ಎಪ್ಪತ್ತರಷ್ಟು ತೇವ ಇರುವಾಗ, ಮೇಲೆ ಹೇಳಿದ ಯಂತ್ರ ಹತ್ತು ತಾಸಿನಲ್ಲಿ ಸುಮಾರು 30 ಲೀಟರ್ ನೀರನ್ನು ಟಾಕಿಯಲ್ಲೂ ಪೈಪಿನಲ್ಲೂ ಇಳಿಸುತ್ತದೆ. ಟಾಕಿಯ ತಳದ ಡ್ರೇನ್ ವಾಲ್ವ್ ತಿರುಗಿಸಿದಾಗ ಹಾಲಿನಂತೆ ಬೆಳ್ಳಗೆ ಚಿಮ್ಮುವುದು ಇದೇ ನೀರು. ಬೆಳ್ಳಗಿರುವುದು ಅದರಲ್ಲಿ ಎಣ್ಣೆ ನುಣ್ಣಗೆ ಬೆರೆತಿರುವುದರಿಂದ. ಇದನ್ನು ಅಂಗಳಕ್ಕೆ ಬಿಡುವುದು ನಮ್ಮ ಕಡೆ ರೂಢಿ, ನನಗೆ ಅದು ಸಿಟ್ಟು ತರಿಸುತ್ತದೆ. ಬೀದರ–ಹುಮನಾಬಾದ ಕಡೆಯ ಜಂಬಿಟ್ಟಿಗೆ ಕಲ್ಲಿನ ನೆಲ ನೀರನ್ನು ಸರಾಗವಾಗಿ ಒಳಗೆ ಇಳಿಸಿಕೊಳ್ಳುತ್ತದೆ. ಆ ಗುಣ ನೋಡಿಯೇ ಬಹಮನಿ ಕಾಲದಲ್ಲಿ ಬೀದರಿನಲ್ಲಿ ನೆಲದಡಿ ಸುರಂಗ ಬಾವಿ ತೋಡಿ ಊರಿಗೆ ನೀರು ತಂದರು. ಇಂಥ ನೆಲಕ್ಕೆ ದಿನಾ ಎಣ್ಣೆನೀರು ಬಿಟ್ಟರೆ ಅದು ಪಕ್ಕದ ಬಾವಿ, ಬೋರಿಗೆ ದಾರಿ ಹುಡುಕುತ್ತದೆ. ಎಣ್ಣೆ ಹೀರುವ ನಾರು, ಅದರ ಹಿಂದೆ ಇದ್ದಿಲು ತುಂಬಿದ ಒಂದು ಡಬ್ಬಿಯ ಮೂಲಕ ಈ ನೀರನ್ನು ಹಾಯಿಸುವ ಉಪಕರಣ ಸಿಗುತ್ತದೆ. ದೊಡ್ಡ ಕಾರ್ಖಾನೆಗಳಲ್ಲಿ ಇಡುತ್ತಾರೆ. ಸಣ್ಣವರು ಕಡೇಪಕ್ಷ ಒಂದು ಪೀಪಾಯಿಯಲ್ಲಿ ಹಿಡಿದಿಟ್ಟು, ಹಳೆಯ ಇಂಜಿನ್ ಎಣ್ಣೆ ಒಯ್ಯುವವರಿಗೆ ಕೊಡಬಹುದು.

ಈಗ ಎಣ್ಣೆ. ಹವಾದಲ್ಲಿ ಅದು ಮೂರು ರೂಪದಲ್ಲಿರುತ್ತದೆ. ಪೈಪಿನ ಗೋಡೆಗೆ ಅಂಟಿ ಹರಿಯುವ ಹನಿ ಒಂದು. ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರಾಗಿ ಗಾಳಿಯಲ್ಲಿ ತೇಲುವುದು ಎರಡು. ಪೂರ್ತಿ ಆವಿಯಾಗಿ ಗಾಳಿಯಲ್ಲಿ ಕರಗಿಹೋಗಿರುವುದು ಮೂರು. ಮೂಗಿಗೆ ಬಡಿಯುವುದು ಈ ಮೂರನೆಯದು. ಹನಿಯನ್ನು ಹಿಡಿಯುವುದು ಸುಲಭ: ಗಾಳಿಯನ್ನು ಒಂದು ಬಟ್ಟಲಿನೊಳಗೆ ಗಿರ್ರನೆ ಸುತ್ತಿಸಿದರೆ ಭಾರದ ಹನಿ ಗೋಡೆಗೆ ಬಡಿದು ಕೆಳಗಿಳಿಯುತ್ತದೆ. ಪಂಕ್ಚರ್ ಅಂಗಡಿಯಲ್ಲೂ ಕಾಣುವ ಗಾಜಿನ ಬಟ್ಟಲಿನ ಫಿಲ್ಟರ್ ಅದೇ. ನಮ್ಮ ಅರ್ಧದಷ್ಟು ಜನ ಇಲ್ಲಿಗೇ ನಿಲ್ಲುತ್ತಾರೆ.

ತುಂತುರಿನ ಕಥೆ ಬೇರೆ, ನನಗೆ ಬಹಳ ಪ್ರೀತಿಯ ಕಥೆಯೂ ಹೌದು. ಈ ಕಣಗಳು ಬಹುತೇಕ ಒಂದು ಮೈಕ್ರಾನಿಗಿಂತ ಸಣ್ಣವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ತಲೆಗೂದಲೇ ಐವತ್ತು–ಎಪ್ಪತ್ತು ಮೈಕ್ರಾನ್ ದಪ್ಪ. ಇಷ್ಟು ಸಣ್ಣದನ್ನು ಜಾಲರಿಯಿಂದ ಸೋಸಲು ಹೋದರೆ ಜಾಲರಿಯ ಕಣ್ಣು ಇನ್ನೂ ಸಣ್ಣದಿರಬೇಕು, ಆಗ ಗಾಳಿಯೇ ಹೋಗುವುದಿಲ್ಲ. ಹಾಗಾಗಿ ಸೋಸುವ ವಿಚಾರವನ್ನೇ ಬಿಟ್ಟರು. ಕೋಲೆಸಿಂಗ್ ಫಿಲ್ಟರಿನ ಒಳಗಿರುವುದು ಒಂದು ಮೈಕ್ರಾನಿಗಿಂತ ತೆಳ್ಳಗಿನ ಗಾಜಿನ ಎಳೆಗಳ ಮುದ್ದೆ. ಎಳೆಗಳ ನಡುವಿನ ಖಾಲಿ ಜಾಗ ಎಣ್ಣೆಯ ಕಣಕ್ಕಿಂತ ಎಷ್ಟೋ ದೊಡ್ಡದು, ಮುದ್ದೆಯಲ್ಲಿ ಹೆಚ್ಚು ಪಾಲು ಬರೀ ಖಾಲಿಯೇ. ಆದರೂ ಕಣ ಪಾರಾಗುವುದಿಲ್ಲ.

ದೊಡ್ಡ ಕಣ ಭಾರದ್ದು, ಗಾಳಿ ಎಳೆಯನ್ನು ಬಳಸಿ ತಿರುಗಿದಾಗ ಅದಕ್ಕೆ ತಿರುಗಲಾಗದೆ ನೇರ ಹೋಗಿ ಎಳೆಗೆ ಬಡಿಯುತ್ತದೆ. ನಡುವಣ ಗಾತ್ರದ ಕಣ ಗಾಳಿಯ ಜೊತೆ ತಿರುಗುತ್ತದೆ, ಆದರೆ ಪಕ್ಕದಲ್ಲಿ ಹಾಯುವಾಗ ಮೈ ತಾಗಿ ಅಂಟಿಕೊಳ್ಳುತ್ತದೆ. ಅತಿ ಸಣ್ಣ ಕಣದ ಗತಿಯೇ ವಿಚಿತ್ರ. ಗಾಳಿಯ ಅಣುಗಳು ಅದನ್ನು ಎಡಕ್ಕೂ ಬಲಕ್ಕೂ ತಳ್ಳುತ್ತಿರುತ್ತವೆ, ಅದು ಅಂಕುಡೊಂಕಾಗಿ ಅಲೆಯುತ್ತ ಹೋಗುತ್ತದೆ, ಹಾಗೆ ಅಲೆಯುವುದರಿಂದಲೇ ಯಾವುದೋ ಒಂದು ಎಳೆಗೆ ಸಿಕ್ಕಿಬೀಳುತ್ತದೆ. ಅತಿ ಸಣ್ಣದನ್ನು ಹಿಡಿಯುವುದು ಸುಲಭ, ದೊಡ್ಡದನ್ನು ಹಿಡಿಯುವುದೂ ಸುಲಭ, ನಡುವೆ 0.3 ಮೈಕ್ರಾನಿನ ಆಸುಪಾಸಿನದೇ ಎಲ್ಲಕ್ಕಿಂತ ಕಷ್ಟ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಮುಖವಾಡದಲ್ಲಿ ಹೊಗೆ ಹಿಡಿಯುವ ಬಗೆಯನ್ನು ಅಭ್ಯಾಸ ಮಾಡುತ್ತಿದ್ದಾಗ ಅಮೆರಿಕದ ಇರ್ವಿಂಗ್ ಲ್ಯಾಂಗ್‌ಮ್ಯೂರ್ ಇದನ್ನು ಲೆಕ್ಕದಿಂದ ತೋರಿಸಿಕೊಟ್ಟರು. 1932ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದಿದ್ದವರು ಅವರು. ಇವತ್ತಿಗೂ ಫಿಲ್ಟರಿನ ಬಲಾಬಲ ಅಳೆಯುವುದು ಆ ಗಾತ್ರದ ಕಣಗಳ ಮೇಲೆಯೇ.

ಎಳೆಗೆ ಅಂಟಿದ ಕಣಗಳು ಒಂದಕ್ಕೊಂದು ಸೇರಿ ಹನಿಯಾಗುತ್ತವೆ, ಹನಿ ಹೊರಗಿನ ಪದರದತ್ತ ಸರಿದು ಕೆಳಕ್ಕೆ ಇಳಿಯುತ್ತದೆ. ಆದ್ದರಿಂದ ಈ ಫಿಲ್ಟರಿನಲ್ಲಿ ಗಾಳಿ ಒಳಗಿನಿಂದ ಹೊರಗೆ ಹರಿಯಬೇಕು. ಧೂಳಿನ ಫಿಲ್ಟರಿನಲ್ಲಿ ಹೊರಗಿನಿಂದ ಒಳಗೆ. ಬಟ್ಟಲಿನ ಮೇಲೆ ಬಾಣದ ಗುರುತು ಇರುತ್ತದೆ, ಆದರೂ ತಿರುಗುಮುರುಗಾಗಿ ಕೂರಿಸಿದ್ದನ್ನು ನಾನು ನಮ್ಮ ಕಡೆ ಸಾಕಷ್ಟು ನೋಡಿದ್ದೇನೆ. ಹಾಗೆ ಕೂರಿಸಿದರೆ ಕೂಡಿಬಂದ ಎಣ್ಣೆ ಸ್ವಚ್ಛ ಗಾಳಿಯ ದಾರಿಯಲ್ಲೇ ಇಳಿದು ಮತ್ತೆ ತುಂತುರಾಗಿ ಏಳುತ್ತದೆ. ಸರಿಯಾಗಿ ಕೂತ ಒಳ್ಳೆಯ ಕೋಲೆಸಿಂಗ್ ಫಿಲ್ಟರ್ ತುಂತುರನ್ನು ಘನ ಮೀಟರಿಗೆ 0.01 ಮಿಲಿಗ್ರಾಂಗೆ ಇಳಿಸುತ್ತದೆ.

ಫಿಲ್ಟರಿನೊಳಗಿನ ಈ ಎಳೆಗಳ ಮುದ್ದೆಯನ್ನು, ಅಂದರೆ ಎಲಿಮೆಂಟನ್ನು, ವರ್ಷಕ್ಕೊಮ್ಮೆ ಬದಲಿಸಬೇಕು. "ಇನ್ನೂ ಹವಾ ಹೋಗ್ಲತ್ತದಲ್ಲ, ಯಾಕ ಬದಲಿ ಮಾಡ್ಬೇಕ್ರಿ?" ಎಂದು ಕೇಳುವವರಿಗೆ ಕರೆಂಟ್ ಬಿಲ್ ತೋರಿಸುತ್ತೇನೆ. ಕಟ್ಟಿಕೊಂಡ ಫಿಲ್ಟರ್ ಒತ್ತಡ ತಿನ್ನುತ್ತದೆ, ಅದನ್ನು ತುಂಬಲು ಕಂಪ್ರೆಸರನ್ನು ಹೆಚ್ಚಿನ ಒತ್ತಡಕ್ಕೆ ಓಡಿಸಬೇಕು. ಒಂದು ಬಾರ್ ಒತ್ತಡ ಹೆಚ್ಚಿಸಿದರೆ ವಿದ್ಯುತ್ ಖರ್ಚು ಸುಮಾರು ನೂರಕ್ಕೆ ಏಳು ಏರುತ್ತದೆ.

ಇಷ್ಟಾದರೂ ವಾಸನೆ ಹೋಗುವುದಿಲ್ಲ, ಏಕೆಂದರೆ ಆವಿಗೆ ಗಾಜಿನ ಎಳೆ ಒಂದು ಅಡ್ಡಿಯೇ ಅಲ್ಲ. ಅದಕ್ಕೆ ಬೇಕಾದದ್ದು ಇದ್ದಿಲು. ಗಾಳಿಯ ದುರ್ವಾಸನೆಯನ್ನು ಇದ್ದಿಲಿನಿಂದ ತೆಗೆಯುವ ಉಪಕರಣವನ್ನು ಬಳಕೆಗೆ ತಂದವರು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಜಾನ್ ಸ್ಟೆನ್‌ಹೌಸ್. 1854ರಲ್ಲಿ ಅವರು ಇದ್ದಿಲು ತುಂಬಿದ ಉಸಿರಾಟದ ಮುಖವಾಡ ಮಾಡಿದರು. ಲಂಡನ್ನಿನ ಮ್ಯಾನ್ಶನ್ ಹೌಸಿನ ನ್ಯಾಯಸ್ಥಾನದ ಕೋಣೆಗೆ ಬರುತ್ತಿದ್ದ ದುರ್ವಾಸನೆಯನ್ನು ತಡೆಯಲು ಅವರ ಇದ್ದಿಲು ಫಿಲ್ಟರ್ ಕೂರಿಸಿದರು, ಆಮೇಲೆ ಆ ನಗರದ ಚರಂಡಿಗಳ ಗಾಳಿದಾರಿಗೂ ಅದೇ ಬಂತು. ಮಾಮೂಲಿ ಇದ್ದಿಲನ್ನು ಇನ್ನಷ್ಟು ಹದ ಮಾಡುವ ದಾರಿ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ರಫಾಯೆಲ್ ಫಾನ್ ಒಸ್ತ್ರೆಯ್ಕೊ ಎಂಬಾತನ ಪೇಟೆಂಟುಗಳಿಂದ. ಇದ್ದಿಲನ್ನು ಕೆಂಪಗೆ ಕಾಯಿಸಿ ಉಗಿ ಹಾಯಿಸಿದರೆ ಅದರೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮ ರಂಧ್ರ ತೆರೆದುಕೊಳ್ಳುತ್ತವೆ. ಒಂದು ಗ್ರಾಂ ಇದ್ದಿಲಿನ ಒಳಮೈ ಸಾವಿರ ಚದರ ಮೀಟರಿನಷ್ಟು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಹತ್ತು ಗುಂಟೆ, ನಾಲ್ಕು ಗ್ರಾಂ ಇದ್ದರೆ ಒಂದು ಎಕರೆ ಹೊಲ. ಎಣ್ಣೆಯ ಆವಿಯ ಅಣು ಈ ಹೊಲದಲ್ಲಿ ಎಲ್ಲೋ ಒಂದು ಕಡೆ ಕೂತು ಅಲ್ಲೇ ಉಳಿಯುತ್ತದೆ. ಹವಾದ ಕೆಲಸಕ್ಕೆ ತೆಂಗಿನ ಕರಟದ ಇದ್ದಿಲು ಒಳ್ಳೆಯದು, ಅದರ ರಂಧ್ರ ಬಹಳ ಸಣ್ಣವು, ಕಾಳೂ ಗಟ್ಟಿ.

ಈಗ ಸರದಿಯ ಮಾತು. ಇದ್ದಿಲು ಹೀರಬೇಕಾದದ್ದು ಆವಿಯನ್ನು ಮಾತ್ರ. ಅದರ ಮೇಲೆ ಎಣ್ಣೆಯ ಹನಿ, ತುಂತುರು ಬಿದ್ದರೆ ರಂಧ್ರಗಳ ಬಾಯಿ ಮುಚ್ಚಿಹೋಗುತ್ತದೆ, ಒಳಗಿನ ಎಕರೆಗಟ್ಟಲೆ ಹೊಲಕ್ಕೆ ದಾರಿಯೇ ಇಲ್ಲ. ನೀರು ಬಿದ್ದರೂ ಹಾಗೆಯೇ. ಬಿಸಿ ಹೆಚ್ಚಿದರೆ ಇದ್ದಿಲಿನ ಹಿಡಿತ ಸಡಿಲುತ್ತದೆ, ಗಾಳಿಯಲ್ಲಿ ಎಣ್ಣೆಯ ಆವಿಯೂ ಹೆಚ್ಚುತ್ತದೆ, ಎರಡು ಕಡೆಯಿಂದ ಪೆಟ್ಟು. ಮೇ ತಿಂಗಳಲ್ಲಿ ನಮ್ಮ ಕಡೆ ಬಯಲಲ್ಲೇ 40 ಡಿಗ್ರಿ ದಾಟುತ್ತದೆ, ತಗಡಿನ ಶೆಡ್ಡಿನೊಳಗೆ ಇನ್ನೂ ಹೆಚ್ಚು. ತಂಪು ದೇಶದಲ್ಲಿ 20 ಡಿಗ್ರಿಗೆ ಲೆಕ್ಕ ಹಾಕಿ ಬರೆದ ಪುಸ್ತಕದ ಆಯಸ್ಸು ಇಲ್ಲಿ ನಡೆಯುವುದಿಲ್ಲ. ಸಣ್ಣ ಕಾರ್ಟ್ರಿಜ್ ಸಾವಿರ ತಾಸು ಎಂದು ಬರೆದಿದ್ದರೆ ನಾನು ಬೇಸಿಗೆಯಲ್ಲಿ ಅರ್ಧಕ್ಕೇ ಬದಲಿಸಿ ಎನ್ನುತ್ತೇನೆ. ಹಾಗಾಗಿ ಮೊದಲು ಗಾಳಿಯನ್ನು ತಂಪು ಮಾಡುವುದು, ಆಮೇಲೆ ನೀರು ಇಳಿಸುವುದು, ಹವಾ ಒಣಗಿಸುವ ಡ್ರೈಯರ್, ಕೋಲೆಸಿಂಗ್ ಫಿಲ್ಟರ್, ಆಮೇಲೆ ಇದ್ದಿಲು, ಇದ್ದಿಲಿನ ಪುಡಿ ಹಾರದಂತೆ ಕೊನೆಗೊಂದು ಧೂಳಿನ ಫಿಲ್ಟರ್. ವಾಸನೆ ಬಂತೆಂದು ಬರೀ ಇದ್ದಿಲಿನ ಡಬ್ಬಿ ತಂದು ಟಾಕಿಯ ಬಾಯಿಗೆ ಜೋಡಿಸಿದವರ ದುಡ್ಡು ಒಂದು ವಾರಕ್ಕೂ ಬಾಳುವುದಿಲ್ಲ. ಇನ್ನೊಂದು ಕಷ್ಟ, ಇದ್ದಿಲು ತುಂಬಿದ್ದನ್ನು ಯಾವ ಗೇಜೂ ತೋರಿಸುವುದಿಲ್ಲ. ಒತ್ತಡ ಇಳಿಯುವುದಿಲ್ಲ, ಸದ್ದು ಬದಲಾಗುವುದಿಲ್ಲ, ಒಂದು ದಿನ ಆವಿ ಸುಮ್ಮನೆ ಹಾಯ್ದುಹೋಗುತ್ತದೆ. ತಾರೀಖು ಬರೆದು ಅಂಟಿಸುವುದೊಂದೇ ದಾರಿ.

ಸಂಕುಚಿತ ಗಾಳಿಯ ಶುದ್ಧತೆಗೆ ಐಎಸ್‌ಒ 8573 ಎಂಬ ಅಂತರರಾಷ್ಟ್ರೀಯ ಮಾನದಂಡ ಇದೆ. ಎಣ್ಣೆಯ ವಿಷಯದಲ್ಲಿ ಒಂದನೆಯ ದರ್ಜೆ ಎಂದರೆ ಹನಿ, ತುಂತುರು, ಆವಿ ಮೂರೂ ಸೇರಿ ಘನ ಮೀಟರಿಗೆ 0.01 ಮಿಲಿಗ್ರಾಂ ಮೀರಬಾರದು. ನಾಲ್ಕನೆಯ ದರ್ಜೆಗೆ 5 ಮಿಲಿಗ್ರಾಂವರೆಗೆ ಸಲ್ಲುತ್ತದೆ. ಫಿಲ್ಟರ್ ಮಾರುವವರು 0.01 ಎಂದಾಗ ಅದು ತುಂತುರಿಗೆ ಮಾತ್ರವೋ ಆವಿಯೂ ಸೇರಿಯೋ ಎಂದು ಕೇಳಬೇಕು.

ಇದೇ ಸರದಿ ಎಷ್ಟು ದೊಡ್ಡ ವಿಷಯ ಎಂಬುದು 2021ರ ಕೊರೋನಾ ಎರಡನೇ ಅಲೆಯಲ್ಲಿ ದೇಶಕ್ಕೇ ಗೊತ್ತಾಗಬೇಕಿತ್ತು. ಆಗ ಆಸ್ಪತ್ರೆಗಳ ಅಂಗಳದಲ್ಲಿ ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಘಟಕಗಳು ಎದ್ದವು. ಅದರ ಹಿಂದೆ ಎರಡು ಸಂಶೋಧನೆ ಇವೆ. 1949ರಲ್ಲಿ ಯೂನಿಯನ್ ಕಾರ್ಬೈಡಿನ ರಾಬರ್ಟ್ ಮಿಲ್ಟನ್ ಕೃತಕ ಜಿಯೊಲೈಟ್ ತಯಾರಿಸಿದರು. ಅಣುವಿನ ಗಾತ್ರದ ರಂಧ್ರಗಳಿರುವ ಈ ಖನಿಜದ ಕಾಳು ಒತ್ತಡದಲ್ಲಿ ಸಾರಜನಕವನ್ನು ಹಿಡಿದುಕೊಂಡು ಆಮ್ಲಜನಕವನ್ನು ಬಿಡುತ್ತದೆ. ಎರಡನೆಯದು ಎಸ್ಸೊ ಕಂಪನಿಯ ಚಾರ್ಲ್ಸ್ ಸ್ಕಾರ್‌ಸ್ಟ್ರಾಮ್ 1960ರಲ್ಲಿ ಪೇಟೆಂಟ್ ಪಡೆದ ಎರಡು ಗೋಪುರದ ಉಪಾಯ. ಒಂದರಲ್ಲಿ ಒತ್ತಡ ಏರಿಸಿ ಗಾಳಿ ಹಾಯಿಸುವಾಗ ಇನ್ನೊಂದರ ಒತ್ತಡ ಇಳಿಸಿ, ಹಿಡಿದದ್ದನ್ನು ಹೊರಗೆ ಬಿಡಿಸುವುದು, ಮತ್ತೆ ಅದಲುಬದಲು. ಕಾಯಿಸುವ ಖರ್ಚಿಲ್ಲ. ದಾಲ್ ಮಿಲ್ಲಿನ ಹವಾ ಒಣಗಿಸುವ ಕೆಲವು ಡ್ರೈಯರುಗಳೂ ಇದೇ ಉಪಾಯದಲ್ಲಿ ನಡೆಯುತ್ತವೆ, ಅವು ಚುಸ್ ಎಂದು ಉಸಿರು ಬಿಡುವುದು ಇದಕ್ಕೇ.

ಕನ್ನಡದ ನೆಲಕ್ಕೆ ಇದರಲ್ಲಿ ಹೆಮ್ಮೆಯ ಪಾಲಿದೆ. ಡಿಆರ್‌ಡಿಒದ ಬೆಂಗಳೂರಿನ ಡೆಬೆಲ್ ಪ್ರಯೋಗಾಲಯ ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಹಾರುವಾಗಲೇ ಆಮ್ಲಜನಕ ತಯಾರಿಸಿಕೊಡುವ ಉಪಕರಣವನ್ನು ರೂಪಿಸಿತ್ತು. ಅದೇ ತಂತ್ರದಿಂದ ಆಸ್ಪತ್ರೆಗಳಿಗೆ ನಿಮಿಷಕ್ಕೆ 1000 ಲೀಟರಿನ ಘಟಕ ಬಂತು. ನಿಮಿಷಕ್ಕೆ 5 ಲೀಟರಿನಂತೆ 190 ರೋಗಿಗಳಿಗೆ ಸಾಲುವಷ್ಟು, ಅಥವಾ ದಿನಕ್ಕೆ 195 ಸಿಲಿಂಡರ್ ತುಂಬುವಷ್ಟು ಅದರ ಸಾಮರ್ಥ್ಯ. ಬೆಂಗಳೂರಿನ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಮತ್ತು ಕೊಯಮತ್ತೂರಿನ ಟ್ರೈಡೆಂಟ್ ನ್ಯೂಮ್ಯಾಟಿಕ್ಸ್‌ಗೆ ತಂತ್ರಜ್ಞಾನ ಕೊಟ್ಟು 380 ಘಟಕಗಳಿಗೆ ಬೇಡಿಕೆ ಸಲ್ಲಿಸಿದರು. ಇಂಥ ಘಟಕದಲ್ಲಿ ಜಿಯೊಲೈಟ್ ತುಂಬಿದ ಗೋಪುರಕ್ಕೆ ಮೊದಲು ನಮ್ಮದೇ ಕಂಪ್ರೆಸರ್, ಡ್ರೈಯರ್, ಕೋಲೆಸಿಂಗ್ ಫಿಲ್ಟರ್, ಇದ್ದಿಲು ಇರುತ್ತವೆ. ಜಿಯೊಲೈಟಿಗೆ ಎಣ್ಣೆ ತಾಗಿದರೆ ಅದು ಮತ್ತೆ ಎದ್ದೇಳುವುದಿಲ್ಲ, ಆಮ್ಲಜನಕದ ಪ್ರಮಾಣ ನೂರಕ್ಕೆ 93ರಿಂದ ಜಾರತೊಡಗುತ್ತದೆ. ಎಣ್ಣೆಗೂ ಒತ್ತಡದ ಆಮ್ಲಜನಕಕ್ಕೂ ಮತ್ತೊಂದು ವೈರವಿದೆ, ಎರಡೂ ಸೇರಿದರೆ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಹುದು. ಆಕ್ಸಿಜನ್ ಸಿಲಿಂಡರಿನ ವಾಲ್ವಿಗೆ ಎಣ್ಣೆ ಕೈ ಹಚ್ಚಬಾರದೆಂದು ವೆಲ್ಡಿಂಗ್ ಅಂಗಡಿಯಲ್ಲಿ ಉಸ್ತಾದರು ಹುಡುಗರ ಕೈಗೆ ಹೊಡೆದು ಕಲಿಸುವುದು ಇದೇ ಕಾರಣಕ್ಕೆ. ಕೋಟಿ ರೂಪಾಯಿ ಬೆಲೆಯ ಘಟಕದ ಆಯಸ್ಸು ಕೆಲವು ಸಾವಿರದ ಎಲಿಮೆಂಟಿನ ಮೇಲೆ ನಿಂತಿದೆ. ಅಲೆ ಇಳಿದ ಮೇಲೆ ಆ ಎಲಿಮೆಂಟುಗಳಿಗೆ ಪ್ರತಿ ವರ್ಷ ಹಣ ಎತ್ತಿಡುವ ಪದ್ಧತಿ ಎಲ್ಲ ಆಸ್ಪತ್ರೆಗಳಲ್ಲಿ ಇರಲೇಬೇಕು ಎಂಬುದು ನನ್ನ ಒತ್ತಾಯ.

ಇನ್ನು ಆಟೋನಗರದ ಬಣ್ಣದವರ ಮಾತು. ಹವಾದಲ್ಲಿ ಎಣ್ಣೆ ಇದ್ದರೆ ಲಾರಿಯ ಬಣ್ಣದ ಮೇಲೆ ಮೀನುಗಣ್ಣಿನಂಥ ಗುಳಿ ಬೀಳುತ್ತವೆ, ಹಾಗಾಗಿ ಅವರಿಗೆ ಫಿಲ್ಟರಿನ ಬೆಲೆ ಬೇಗ ತಿಳಿಯುತ್ತದೆ. ಆದರೆ ಬಣ್ಣಕ್ಕೆ ಕೊಡುವ ಕಾಳಜಿ ಎದೆಗೂಡಿಗೆ ಕೊಡುವುದಿಲ್ಲ. ಮೂಗಿಗೆ ದಸ್ತಿ ಕಟ್ಟಿಕೊಂಡು ಗಟ್ಟಿಕಾರಕ ಬೆರೆಸಿದ ಬಣ್ಣ ಹೊಡೆಯುತ್ತಾರೆ. ಅದರ ಐಸೊಸಯನೇಟ್ ಆವಿ ದಮ್ಮು ತರಿಸುತ್ತದೆ, ದಸ್ತಿ ಅದನ್ನು ತಡೆಯುವುದಿಲ್ಲ. ಹೊರಗಿನ ಸ್ವಚ್ಛ ಗಾಳಿಯನ್ನು ಪೈಪಿನಲ್ಲಿ ಮುಖವಾಡಕ್ಕೆ ಕೊಡುವುದು ಸರಿಯಾದ ದಾರಿ. ಕೆಲವು ಶೆಡ್ಡಿನವರು ಈಗ ಕೇಳತೊಡಗಿದ್ದಾರೆ, ಸಂತೋಷ. ಒಬ್ಬ ಹುಡುಗ ಕಂಪ್ರೆಸರ್ ಪೈಪಿಗೆ ಇದ್ದಿಲಿನ ಡಬ್ಬಿ ಕೂರಿಸಿಕೊಂಡು ಬಂದು, "ಕಾಕಾ, ಈಗ ಒಟ್ಟ ವಾಸ್ನಿ ಇಲ್ಲ, ಇದನ್ನ ಮೂತಿಗಿ ಹಾಕ್ಕೊಂಡ್ರ ನಡೀತದಲ್ಲ?" ಎಂದ. ನಾನು ಅವನನ್ನು ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದೆ.

ಅವನಿಗೆ ಹೇಳಿದ್ದು ಇದು: ಇಂಗಾಲದ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟು ಮಿಕ್ಕಿ ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಇದ್ದಿಲು ಅದನ್ನು ಹಿಡಿಯುವುದಿಲ್ಲ. ನಮ್ಮ ಶೆಡ್ಡುಗಳು ಹೆದ್ದಾರಿಯ ಬದಿಗಿವೆ, ಕರೆಂಟ್ ಹೋದಾಗ ಪಕ್ಕದಲ್ಲೇ ಜನರೇಟರ್ ಹೊಗೆ ಬಿಡುತ್ತದೆ, ಕಂಪ್ರೆಸರ್ ಆ ಹೊಗೆಯನ್ನೇ ಎಳೆಯುತ್ತದೆ. ಕಂಪ್ರೆಸರ್ ತಾನೇ ಬಿಸಿಯಾಗಿ ಒಳಗಿನ ಎಣ್ಣೆ ಸುಟ್ಟರೂ ಈ ಅನಿಲ ಹುಟ್ಟುತ್ತದೆ. ಇದ್ದಿಲಿಲ್ಲದಿದ್ದರೆ ಸುಟ್ಟ ವಾಸನೆ ಮೂಗಿಗೆ ಬಡಿದು ಮನುಷ್ಯ ಮುಖವಾಡ ಕಿತ್ತೆಸೆಯುತ್ತಿದ್ದ. ಇದ್ದಿಲು ಆ ಎಚ್ಚರಿಕೆಯನ್ನು ತೆಗೆದುಬಿಡುತ್ತದೆ, ವಿಷವನ್ನು ಬಿಡುತ್ತದೆ. ಅಡುಗೆ ಅನಿಲಕ್ಕೆ ಕಂಪನಿಗಳು ಬೇಕೆಂದೇ ಮರ್ಕ್ಯಾಪ್ಟಾನ್ ಎಂಬ ಗಬ್ಬುವಾಸನೆ ಬೆರೆಸುವುದನ್ನು ನೆನಪಿಸಿಕೊಳ್ಳಿ. 1937ರಲ್ಲಿ ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಊರಿನ ಶಾಲೆಯಲ್ಲಿ ವಾಸನೆಯಿಲ್ಲದ ಅನಿಲ ಸೋರಿ, ಸಿಡಿದು, ಮುನ್ನೂರರಷ್ಟು ಜನ, ಹೆಚ್ಚಿನವರು ಮಕ್ಕಳು, ಸತ್ತ ಮೇಲೆ ಈ ಪದ್ಧತಿ ಬಿಗಿಯಾಯಿತು.

ಮಾನಾಕ್ಸೈಡಿಗೆ ಬೇರೆಯೇ ಮದ್ದು ಇದೆ. ಮೊದಲನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳವರು ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡ್ ಬೆರೆಸಿ ಹಾಪ್ಕಲೈಟ್ ಮಾಡಿದರು. ಅದರ ಮೇಲೆ ಹಾಯ್ದ ಮಾನಾಕ್ಸೈಡ್ ಮಾಮೂಲಿ ಬಿಸಿಯಲ್ಲೇ ಆಮ್ಲಜನಕದೊಂದಿಗೆ ಕೂಡಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ತೇವ ತಾಗಿದರೆ ಮಾತ್ರ ಅದು ಕೆಲಸ ನಿಲ್ಲಿಸುತ್ತದೆ, ಹಾಗಾಗಿ ಅದರ ಮುಂದೆ ಗಟ್ಟಿ ಡ್ರೈಯರ್ ಇರಲೇಬೇಕು. ಉಸಿರಾಟದ ಗಾಳಿಗೆ ಯೂರೋಪಿನ ಮಾನದಂಡ ಮಾನಾಕ್ಸೈಡನ್ನು ಹತ್ತು ಲಕ್ಷಕ್ಕೆ 5 ಪಾಲು, ಎಣ್ಣೆಯನ್ನು ಘನ ಮೀಟರಿಗೆ 0.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ.

ಆ ಹುಡುಗನ ಶೆಡ್ಡಿನಲ್ಲಿ ಮೊದಲು ಮಾಡಿದ ಕೆಲಸಕ್ಕೆ ಯಾವ ಫಿಲ್ಟರೂ ಬೇಕಾಗಲಿಲ್ಲ. ಕಂಪ್ರೆಸರಿನ ಗಾಳಿ ಎಳೆಯುವ ಬಾಯಿಗೆ ದಪ್ಪ ಪೈಪು ಜೋಡಿಸಿ ಗೋಡೆಯಾಚೆ, ಹೊಲದ ಕಡೆಗೆ, ತಗಡಿನ ಮಾಳಿಗೆಗಿಂತ ಎತ್ತರಕ್ಕೆ ಒಯ್ದು, ತುದಿಯನ್ನು ಮಳೆ ಬೀಳದಂತೆ ಕೆಳಕ್ಕೆ ಬಗ್ಗಿಸಿದೆವು. ಜನರೇಟರನ್ನು ರಸ್ತೆಯ ಕಡೆಗೆ ಸರಿಸಿದರು. ಈಗ ಡ್ರೈಯರ್, ಕೋಲೆಸಿಂಗ್ ಫಿಲ್ಟರ್, ಹಾಪ್ಕಲೈಟ್, ಇದ್ದಿಲು ಇರುವ ಮುಖವಾಡದ ಗಾಳಿಯ ಸೆಟ್ಟಿಗೆ ಮೂರು ಶೆಡ್ಡಿನವರು ಸೇರಿ ದುಡ್ಡು ಕೂಡಿಸುತ್ತಿದ್ದಾರೆ. ಮಾನಾಕ್ಸೈಡ್ ತೋರಿಸುವ ಅಲಾರಂ ಇಲ್ಲದೆ ಅದನ್ನು ಚಾಲೂ ಮಾಡಿಕೊಡುವುದಿಲ್ಲ ಎಂದು ಅವರಿಗೆ ಹೇಳಿಟ್ಟಿದ್ದೇನೆ, ಅಲಾರಂ ಪುಣೆಯಿಂದ ಬರಬೇಕಿದೆ.